ಫಲಕದ ಮೇಲಿನ ಹೆಸರು

ಮುಂಬಯಿಯ ವಿ.ಟಿ. ನಿಲ್ದಾಣಕ್ಕೆ 1996ರಲ್ಲೇ ಹೊಸ ಹೆಸರು ಬಂತು. ಟ್ಯಾಕ್ಸಿಯವನಿಗೆ ನಾವು ಹೇಳುವುದು ಮಾತ್ರ ಇಂದಿಗೂ ವಿ.ಟಿ. ಎಂದೇ. ಅಮೆರಿಕದಲ್ಲಿ ಅಂಚೆ ಕಚೇರಿಗೋ ಮಾಜಿ ಸೈನಿಕರ ಆಸ್ಪತ್ರೆಗೋ ಯೋಧನೊಬ್ಬನ ಹೆಸರಿಡಲು ಅಲ್ಲಿಯ ಸಂಸತ್ತು ಕಾಯಿದೆಯನ್ನೇ ಮಾಡುತ್ತದೆ. ಈಚಿನ ಕೆಲವು ಅವಧಿಗಳಲ್ಲಿ ಅದು ಮಾಡಿದ ಕಾಯಿದೆಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಅಂಚೆ ಕಚೇರಿಗಳ ನಾಮಕರಣದ್ದು! ವಿಳಾಸ ಬದಲಾಗದು, ಒಳಗೊಂದು ಫಲಕ ಬರುತ್ತದೆ, ಅಷ್ಟೆ. ಇದೆಂಥ ಶಾಸನವೆಂದು ನಾವೂ ನಕ್ಕದ್ದುಂಟು. ಡೋರಿಸ್ ಮಿಲ್ಲರನ ಕಥೆ ತಿಳಿದ ಮೇಲೆ ನಗು ನಿಂತಿತು.

ಈತ ಟೆಕ್ಸಾಸಿನ ವೇಕೋ ಊರಿನ ಕಪ್ಪು ಜನಾಂಗದ ಯುವಕ. ನೌಕಾದಳದಲ್ಲಿ ಅವನಂಥವರಿಗೆ ಸಿಗುತ್ತಿದ್ದುದು ಊಟದ ಮನೆಯ ಚಾಕರಿ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಜಪಾನೀ ವಿಮಾನಗಳು ಎರಗಿದಾಗ, 'ವೆಸ್ಟ್ ವರ್ಜೀನಿಯಾ' ಹಡಗಿನಲ್ಲಿ ಆತ ಗಾಯಾಳುಗಳನ್ನು ಹೊತ್ತು ಸಾಗಿಸಿದ. ಯಾರೂ ಕಲಿಸದಿದ್ದ ಮೆಷಿನ್‌ಗನ್ ಹಿಡಿದು ಗುಂಡು ಹಾರಿಸಿದ. ಪ್ರಶಂಸೆಯ ಪಟ್ಟಿಯಲ್ಲಿ ಅವನಿಗೆ ಹೆಸರೇ ಇರಲಿಲ್ಲ, ಬರೇ 'ಒಬ್ಬ ನೀಗ್ರೋ'. ಕಪ್ಪು ಜನರ ಪತ್ರಿಕೆ, ಸಂಘಟನೆಗಳು ಬೆನ್ನುಹತ್ತಿದ ಮೇಲೆ ಹೆಸರು ಹೊರಬಿತ್ತು. 1942ರ ಮೇ ತಿಂಗಳಲ್ಲಿ ನೇವಿ ಕ್ರಾಸ್ ಪದಕ ದೊರೆಯಿತು. 1943ರ ನವೆಂಬರಿನಲ್ಲಿ ಅವನಿದ್ದ ಬೇರೊಂದು ಹಡಗು ಮುಳುಗಿತು, ಆತ ಮರಳಲಿಲ್ಲ.

2014ರ ಕಾಯಿದೆಯೊಂದು ವೇಕೋದ ಮಾಜಿ ಸೈನಿಕರ ಆಸ್ಪತ್ರೆಗೆ ಅವನ ಹೆಸರಿಟ್ಟಿತು. ಅತ್ಯುನ್ನತವಾದ ಮೆಡಲ್ ಆಫ್ ಆನರ್ ಆಗಲೂ ಅವನಿಗೆ ಸಂದಿರಲಿಲ್ಲ. ಆದರೆ ಔಷಧದ ಚೀಟಿ ಹಿಡಿದು ಬರುವ ಮುದಿ ಸಿಪಾಯಿಗಳು, ಬಿಳಿಯರೂ ಕರಿಯರೂ, ಈಗ ಅವನ ಹೆಸರಿನ ಕೆಳಗೇ ಹಾದು ಒಳಗೆ ಹೋಗುತ್ತಾರೆ.