ದಿಲ್ಲಿಯಲ್ಲಿ ಬನ್ನಿ ಎಲ್ಲಿ ಸಿಗುತ್ತದೆ?



ಕಳೆದ ವಿಜಯದಶಮಿಯ ದಿನ ನಮ್ಮ ಕನ್ನಡ ಕಾರ್ಯಕ್ರಮ ನಡೆಯುತ್ತಿದ್ದಾಗ ಕೇಳುಗರೊಬ್ಬರು ಫೋನ್ ಮಾಡಿ, "ಈ ದಿಲ್ಲಿಯೊಳಗ ಬನ್ನಿ ಎಲ್ಲಿ ಸಿಗತದ್ರೀ?" ಎಂದು ಕೇಳಿದರು. ದನಿ ಧಾರವಾಡದ ಕಡೆಯದು. ನನಗೆ ಉತ್ತರ ಗೊತ್ತಿರಲಿಲ್ಲ. "ಸಿಕ್ಕರೆ ನಮಗೂ ತಿಳಿಸಿ" ಎಂದು ನಕ್ಕು, ಮುಂದಿನ ಹಾಡು ಹಾಕಿಬಿಟ್ಟೆ. ಮೈಕಿನ ಮುಂದೆ ಕೂತವರಿಗೆ ಇಂಥ ಜಾಣತನ ಬೇಗ ಬರುತ್ತದೆ. ಆದರೆ ಪ್ರಶ್ನೆ ಬೆನ್ನು ಬಿಡಲಿಲ್ಲ.

ಕೊಪ್ಪಳದ ಕಡೆಯ ನಮ್ಮೂರಿನಲ್ಲಿ ವಿಜಯದಶಮಿಯ ಸಂಜೆ ಎಲ್ಲರೂ ಊರ ಹೊರಗಿನ ಬನ್ನಿ ಗಿಡದ ಹತ್ತಿರ ಸೇರುತ್ತಿದ್ದೆವು. ಎಲೆ ಕಿತ್ತು ಹಿರಿಯರ ಕೈಗಿಟ್ಟು, ಕಾಲಿಗೆರಗಿ, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎನ್ನುತ್ತಿದ್ದೆವು. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧ ಬಚ್ಚಿಟ್ಟ ಶಮೀವೃಕ್ಷ ಇದೇ ಎಂದು ಮೇಷ್ಟ್ರು ಹೇಳಿದ್ದರು. ಮೈಸೂರಿನ ಜಂಬೂಸವಾರಿ ಹೋಗಿ ಮುಟ್ಟುವುದೂ ಬನ್ನಿಮಂಟಪಕ್ಕೇ. ಇಷ್ಟೆಲ್ಲ ಗೊತ್ತಿದ್ದೂ, ಆ ಗಿಡದ ತವರು ಯಾವುದು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. (ಮುಂಬೈ, ಪುಣೆಯ ಮಿತ್ರರು ಅಲ್ಲಿ ಬಂಗಾರವೆಂದು ಹಂಚಿಕೊಳ್ಳುವುದು ಆಪ್ಟಾ ಎಲೆಯನ್ನು, ಅದು ಬೇರೆಯೇ ಮರ. ನಮ್ಮ ನಾಡಿನಲ್ಲೂ ಕೆಲವು ಊರುಗಳಲ್ಲಿ ಬೇರೊಂದು ಮುಳ್ಳಿನ ಮರಕ್ಕೆ ಬನ್ನಿ ಎನ್ನುವುದುಂಟು.)

ಮರುಭೂಮಿಯ ಗಿಡಗಳ ಹುಚ್ಚು ನನಗೆ ಹತ್ತಿದ್ದು ದಿಲ್ಲಿಗೆ ಬಂದ ಮೇಲೆ. ಮೊದಲ ಸಲ ಜೈಸಲ್ಮೇರಿಗೆ ಹೋದಾಗ ಸಿನಿಮಾದಲ್ಲಿ ಕಂಡಂಥ ಕ್ಯಾಕ್ಟಸ್ ಹುಡುಕಿ ಸುಸ್ತಾದೆ. ಕ್ಯಾಕ್ಟಸ್ ಕುಲ ಹೆಚ್ಚುಕಡಿಮೆ ಪೂರ್ತಿಯಾಗಿ ಅಮೆರಿಕ ಖಂಡದ್ದು. ನಮ್ಮೂರ ಬೇಲಿಯ ಪಾಪಾಸುಕಳ್ಳಿಯೂ ಅಲ್ಲಿಂದ ಬಂದದ್ದೇ ಎಂದು ಆಮೇಲೆ ತಿಳಿಯಿತು. ಥಾರ್ ನೆಲದ್ದು ಎಂದರೆ ಮುರಿದರೆ ಹಾಲು ಸುರಿಸುವ ಥೋರ್, ಅದು ನಮ್ಮ ಹಾಲುಗಳ್ಳಿಯ ಬಳಗದ್ದು. ಅಲ್ಲಿ ಆಕ್ ಎನಿಸಿಕೊಂಡ ಎಕ್ಕ. ಎಲೆಯ ಗೊಡವೆಯೇ ಇಲ್ಲದೆ ಹಸಿರು ಕಡ್ಡಿಗಳಲ್ಲೇ ಬದುಕುವ ಕೇರ್ ಪೊದೆ. ಚಳಿಗಾಲ ಕಳೆಯುವಾಗ ಹಳದಿ, ಕಿತ್ತಳೆ ಹೂ ತಳೆಯುವ ರೋಹಿಡಾ. ನೀರಿಲ್ಲದ ಕಡೆ ಬಾಳಲು ಒಂದೊಂದಕ್ಕೆ ಒಂದೊಂದು ಉಪಾಯ. ಹೀಗೆ ಹೆಸರು ಕೂಡಿಸುತ್ತ ಹೋಗುವಾಗ ಒಂದು ದಿನ ಪುಸ್ತಕದಲ್ಲಿ ಕಂಡೆ: ರಾಜಸ್ಥಾನದ ಖೇಜ್ರಿ ಮತ್ತು ನಮ್ಮ ಬನ್ನಿ ಒಂದೇ ಮರ. ನಾವು ವರ್ಷಕ್ಕೊಮ್ಮೆ ಕೈಮುಗಿಯುವ ಗಿಡ ಅಲ್ಲಿ ಹೊಲಹೊಲದಲ್ಲೂ ನಿಂತಿದೆ. 1983ರಿಂದ ಅದು ಆ ರಾಜ್ಯದ ಮರ.

ಫೆಬ್ರವರಿಯಲ್ಲಿ ನಾಲ್ಕು ದಿನ ರಜೆ ಹಾಕಿ ಜೋಧಪುರದ ರೈಲು ಹತ್ತಿದೆ. ಅಲ್ಲಿಂದ ಆಗ್ನೇಯಕ್ಕೆ ಸುಮಾರು 26 ಕಿಲೋಮೀಟರ್ ಹೋದರೆ ಖೇಜಡ್ಲಿ ಎಂಬ ಹಳ್ಳಿ. ಹೆಸರೇ ಮರದ್ದು. ದಾರಿಯುದ್ದಕ್ಕೂ ಹೊಲಗಳಲ್ಲಿ ಖೇಜ್ರಿ ಕಂಡಾಗ ನನಗೆ ಸಂಕಟವೇ ಆಯಿತು. ಒಂದಕ್ಕೂ ತಲೆಯಿಲ್ಲ. ಎಲ್ಲ ಬೋಳು, ಗಂಟುಗಂಟಾದ ಮೊಟಕು ಕೊಂಬೆಗಳು. "ಯಾರು ಹೀಗೆ ಕಡಿದದ್ದು?" ಎಂದರೆ ಆಟೋದವರು ನಕ್ಕುಬಿಟ್ಟರು. ಚಳಿಗಾಲದಲ್ಲಿ ಸೊಪ್ಪು ಸವರುವುದು ಅಲ್ಲಿನ ರೂಢಿ. ಒಣಗಿದ ಸೊಪ್ಪಿಗೆ ಲೂಂಗ್ ಎನ್ನುತ್ತಾರೆ. ಮೇಕೆ, ಒಂಟೆ, ದನಗಳಿಗೆ ಅದೇ ಮೇವು. ಬೇಸಿಗೆ ಏರುವ ಹೊತ್ತಿಗೆ, ಉಳಿದ ಹಸಿರೆಲ್ಲ ಸುಟ್ಟುಹೋಗುವಾಗ, ಈ ಮರ ಹೊಸದಾಗಿ ಚಿಗುರುತ್ತದೆ. ಬೇರು ಆಳಕ್ಕೆ, ಮೂವತ್ತು ಮೀಟರಿಗೂ ಕೆಳಗೆ ಇಳಿಯಬಲ್ಲದು. ಹಾಗಾಗಿ ಬುಡದಲ್ಲಿ ಬಿತ್ತಿದ ಸಜ್ಜೆಯ ನೀರಿಗೆ ಅದು ಬಾಯಿ ಹಾಕುವುದಿಲ್ಲ. ಉದುರಿದ ಎಲೆ ಗೊಬ್ಬರವಾಗಿ, ಮರದ ಕೆಳಗಿನ ಪೈರೇ ಹೊಲದ ಉಳಿದ ಪೈರಿಗಿಂತ ಹುಲುಸಾಗಿರುತ್ತದೆ. ಎಳೆ ಕಾಯಿ ಸಾಂಗ್ರಿ, ಪಲ್ಯಕ್ಕೆ. ಹಣ್ಣಾದರೆ ಖೋಖಾ, ಮಕ್ಕಳ ಬಾಯಿಗೆ.

ಖೇಜಡ್ಲಿಯಲ್ಲಿ ಒಂದು ಗುಡಿ ಇದೆ, ಸ್ಮಾರಕವಿದೆ, ಸುತ್ತ ಸವರದೇ ಬಿಟ್ಟ ಖೇಜ್ರಿಗಳಿವೆ. ಇಲ್ಲಿ 1730ರ ಸೆಪ್ಟೆಂಬರಿನಲ್ಲಿ, ಭಾದ್ರಪದ ಶುಕ್ಲ ದಶಮಿಯಂದು ನಡೆದದ್ದನ್ನು ಬಿಷ್ಣೋಯಿ ಜನ ಇಂದಿಗೂ ವರ್ಷವರ್ಷ ಜಾತ್ರೆ ಕೂಡಿ ನೆನೆಯುತ್ತಾರೆ.

ಬಿಷ್ಣೋಯಿಗಳು ಯಾರು ಎಂದು ಮೊದಲು ಹೇಳಬೇಕು. 1451ರಲ್ಲಿ ಪೀಪಾಸರ್ ಎಂಬಲ್ಲಿ ಹುಟ್ಟಿದ ಜಾಂಭೋಜಿ 1485ರಲ್ಲಿ ಕಟ್ಟಿದ ಪಂಥ ಇದು. ಅನುಯಾಯಿಗಳಿಗೆ 29 ನಿಯಮಗಳು. ಬೀಸ್ ಎಂದರೆ ಇಪ್ಪತ್ತು, ನೋಯಿ ಎಂದರೆ ಒಂಬತ್ತು; ಹೆಸರು ಬಂದದ್ದು ಹಾಗೆ ಎನ್ನುತ್ತಾರೆ. ಸ್ನಾನ, ಮಾತು, ಊಟದ ನಿಯಮಗಳ ಜೊತೆಗೇ ಹಸಿರು ಮರ ಕಡಿಯಬಾರದು, ಪ್ರಾಣಿಗಳ ಮೇಲೆ ದಯೆ ಇರಬೇಕು ಎಂಬವೂ ಇವೆ. ಮಳೆ ಕೈಕೊಟ್ಟರೆ ಹೊಲ ಹೋಗುತ್ತದೆ, ಆದರೆ ಖೇಜ್ರಿ ಇದ್ದರೆ ದನ ಉಳಿಯುತ್ತದೆ, ದನ ಉಳಿದರೆ ಮನೆ ಉಳಿಯುತ್ತದೆ. ಈ ಲೆಕ್ಕ ಬಲ್ಲವರ ಧರ್ಮ ಅದು. ಇದನ್ನು ಬರೀ ಭಕ್ತಿ ಎಂದು ಕೈಮುಗಿದು ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಜೋಧಪುರದ ಮಹಾರಾಜ ಅಭಯ ಸಿಂಹನಿಗೆ ಹೊಸ ಅರಮನೆ ಕಟ್ಟಿಸಬೇಕಿತ್ತು. ಆ ಕಾಲದಲ್ಲಿ ಕಟ್ಟಡವೆಂದರೆ ಗಾರೆ, ಗಾರೆಗೆ ಸುಣ್ಣ, ಸುಣ್ಣದ ಕಲ್ಲು ಸುಡಲು ಹಗಲೂ ರಾತ್ರಿ ಉರಿಯುವ ಭಟ್ಟಿ. ಖೇಜ್ರಿ ಸೌದೆ ಒಳ್ಳೆ ಕಾವಿನಿಂದ ಉರಿಯುತ್ತದೆ. ಅದು ಹೇರಳವಾಗಿದ್ದುದು ಮರ ಉಳಿಸಿಕೊಂಡವರ ಊರಿನಲ್ಲಿ, ಅಂದರೆ ಬಿಷ್ಣೋಯಿಗಳ ಹಳ್ಳಿಯಲ್ಲಿ. ದಿವಾನ ಗಿರಿಧರ ಭಂಡಾರಿಯ ಆಳುಗಳು ಕೊಡಲಿ ಹಿಡಿದು ಬಂದರು. ಅಮೃತಾದೇವಿ ಎಂಬ ಹೆಂಗಸು ಮನೆಯಿಂದ ಓಡಿಬಂದು ಮರ ಅಪ್ಪಿ ನಿಂತಳು. ದುಡ್ಡು ಕೊಟ್ಟರೆ ಬಿಡುತ್ತೇವೆ ಎಂದರಂತೆ, ಅವಳು ಒಪ್ಪಲಿಲ್ಲ. ತಲೆ ಕೊಟ್ಟು ಮರ ಉಳಿಯುವುದಾದರೆ ಅದು ಅಗ್ಗದ ವ್ಯಾಪಾರವೇ ಎಂಬರ್ಥದ ಅವಳ ಮಾತನ್ನು ಅಲ್ಲಿನ ಮಕ್ಕಳೂ ಹೇಳುತ್ತಾರೆ. ಅವಳ ತಲೆ ಬಿತ್ತು. ಅವಳ ಮೂವರು ಹೆಣ್ಣುಮಕ್ಕಳು ಆಸು, ರತ್ನಿ, ಭಾಗು ಅದೇ ಹಾದಿ ಹಿಡಿದರು. ಸುದ್ದಿ ಹಬ್ಬಿ 83 ಹಳ್ಳಿಗಳಿಂದ ಜನ ಬಂದರು. ಮೊದಲು ಮುದುಕರು ಮುಂದಾದಾಗ, ಕೆಲಸಕ್ಕೆ ಬಾರದವರನ್ನು ಕಳಿಸುತ್ತಿದ್ದೀರಿ ಎಂದು ಭಂಡಾರಿ ಹಂಗಿಸಿದನೆಂದೂ, ಆಮೇಲೆ ಹರೆಯದವರು ಬಂದು ನಿಂತರೆಂದೂ ಹೇಳುತ್ತಾರೆ. ಒಟ್ಟು 363 ಜನ. ಸುದ್ದಿ ರಾಜನಿಗೆ ಮುಟ್ಟಿ, ಅವನು ಕಡಿತ ನಿಲ್ಲಿಸಿ ಕ್ಷಮೆ ಕೇಳಿ, ಬಿಷ್ಣೋಯಿ ಹಳ್ಳಿಗಳಲ್ಲಿ ಮರ ಕಡಿಯಕೂಡದು, ಬೇಟೆ ಆಡಕೂಡದು ಎಂದು ತಾಮ್ರಪತ್ರ ಬರೆಸಿದನಂತೆ.

1973ರಲ್ಲಿ ಹಿಮಾಲಯದ ತಪ್ಪಲಿನಲ್ಲಿ ಚಿಪ್ಕೊ ಚಳವಳಿ ನಡೆದ ಮೇಲೆ ಈ ಕಥೆ ದೇಶಕ್ಕೆಲ್ಲ ಗೊತ್ತಾಯಿತು. ಸೆಪ್ಟೆಂಬರ್ 11 ಈಗ ರಾಷ್ಟ್ರೀಯ ಅರಣ್ಯ ಹುತಾತ್ಮರ ದಿನ. ಆ ದಿನಾಂಕ ಇಲ್ಲಿಂದಲೇ ಹೋದದ್ದು.

ಗುಡಿಯ ಕಟ್ಟೆಯ ಮೇಲೆ ಬಿಳಿ ಮುಂಡಾಸಿನ ಹಿರಿಯರೊಬ್ಬರು ಕೂತಿದ್ದರು. ನಮ್ಮ ಕಡೆಯೂ ಈ ಮರವನ್ನು ಪೂಜೆ ಮಾಡುತ್ತೇವೆ ಬಾಬಾ ಎಂದೆ. "ತಿನ್ನುತ್ತೀರೋ?" ಎಂದರು. ಇಲ್ಲ ಎಂದೆ. ಅವರಿಗೆ ಬಹಳ ಆಶ್ಚರ್ಯವಾಯಿತು. ಛಪ್ಪನಿಯಾ ಬರದ ಮಾತು ತೆಗೆದರು. ವಿಕ್ರಮ ಸಂವತ್ 1956, ನಮ್ಮ ಲೆಕ್ಕದಲ್ಲಿ 1899-1900. ಮಳೆಯೂ ಇಲ್ಲ, ಕಾಳೂ ಇಲ್ಲ, ಮೇವೂ ಇಲ್ಲದ ವರ್ಷ. ಜನ ಖೇಜ್ರಿಯ ತೊಗಟೆ ಸುಲಿದು, ಒಣಗಿಸಿ, ಬೀಸಿ, ಹಿಟ್ಟಿನ ಜೊತೆ ಕಲಸಿ ರೊಟ್ಟಿ ತಟ್ಟಿದರು. ಅವರ ಅಜ್ಜ ಅದನ್ನು ತಿಂದಿದ್ದರಂತೆ.

ಮರುದಿನ ಮೆಹರಾನಗಢ ಕೋಟೆ. ಕೋಟೆಗಿಂತ ಅದರ ಮಗ್ಗುಲಿನ ಕಲ್ಲುಗುಡ್ಡ ನೋಡಬೇಕಿತ್ತು ನನಗೆ. ಅಲ್ಲಿ ಇನ್ನೊಂದು ಮರದ ಕಥೆ ಇದೆ. ಅದೂ ರಾಜನಿಂದಲೇ ಶುರುವಾದದ್ದು.

ಮಹಾರಾಜ ಉಮೈದ್ ಸಿಂಹ ಕೆಟ್ಟ ರಾಜನಲ್ಲ. ಬರದಲ್ಲಿ ಜನಕ್ಕೆ ಕೂಲಿ ಸಿಗಲಿ ಎಂದು 1929ರಲ್ಲಿ ಉಮೈದ್ ಭವನ ಕಟ್ಟಿಸಲು ತೊಡಗಿದವನು ಅವನೇ. ವಿಮಾನ ಹಾರಿಸುವ ಹವ್ಯಾಸವೂ ಇತ್ತು. 1930ರ ದಶಕದಲ್ಲಿ, ಬೋಳು ನಾಡನ್ನು ಹಸಿರು ಮಾಡುವ ಆಸೆಯಿಂದ, ಅಮೆರಿಕ ಮೂಲದ ಒಂದು ಮುಳ್ಳು ಮರದ ಬೀಜವನ್ನು ವಿಮಾನದಿಂದ ತೂರಿಸಿದ. 1940ರಲ್ಲಿ ಅದಕ್ಕೆ ರಾಜವೃಕ್ಷ ಎಂಬ ಪದವಿಯೂ ಬಂತು. ಅದು ಯಾವ ಮರ ಎಂದು ನಮ್ಮ ಓದುಗರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಕರ್ನಾಟಕದಲ್ಲಿ ಬಳ್ಳಾರಿ ಜಾಲಿ, ಚೆನ್ನೈಯವರಿಗೆ ಸೀಮೈ ಕರುವೇಲಂ, ಹೈದರಾಬಾದಿನವರಿಗೆ ಸರ್ಕಾರ್ ತುಮ್ಮ, ಪುಣೆಯವರಿಗೆ ವೇಡೀ ಬಾಭೂಳ್, ದಿಲ್ಲಿಯಲ್ಲಿ ವಿಲಾಯತಿ ಕೀಕರ್. ಜೋಧಪುರದವರು ಬಾವಳಿಯಾ ಎನ್ನುತ್ತಾರೆ. ಹುಚ್ಚು ಹಿಡಿದದ್ದು ಎಂದು ಅರ್ಥ. ಮರಾಠಿಯ ವೇಡೀ ಎಂದರೂ ಹುಚ್ಚೇ.

ಇದು ಭಾರತಕ್ಕೆ ಬಂದದ್ದು ಅದಕ್ಕೂ ಮೊದಲು, 1877ರ ಸುಮಾರಿಗೆ, ಕಡಪ ಜಿಲ್ಲೆಯ ಕಮಲಾಪುರಕ್ಕೆ, ಸೌದೆಗಾಗಿ. ಹೊಸ ದಿಲ್ಲಿ ಕಟ್ಟುವ ಕಾಲದಲ್ಲಿ ಬ್ರಿಟಿಷರು ಇಲ್ಲಿನ ರಿಡ್ಜ್ ಗುಡ್ಡಕ್ಕೂ ಹಚ್ಚಿದರು. ಇದರ ಎಲೆಯನ್ನು ಮೇಕೆ ಮೂಸುವುದಿಲ್ಲ, ಸಿಹಿಯಾದ ಕಾಯಿ ಮಾತ್ರ ಮೇಯುತ್ತದೆ. ಬೀಜ ಹಿಕ್ಕೆಯಲ್ಲಿ ಊರೂರಿಗೆ ಹೋಗುತ್ತದೆ. ಕಡಿದರೆ ಬುಡದಿಂದ ಹತ್ತು ಕವಲು. ಕೆಳಗೆ ಹುಲ್ಲೂ ಬೆಳೆಯದು.

ಕೋಟೆಯ ಪಕ್ಕದ ಸುಮಾರು 70 ಹೆಕ್ಟೇರ್ ಗುಡ್ಡ ಇದರಿಂದಲೇ ಮುಚ್ಚಿಹೋಗಿತ್ತು. 2006ರಲ್ಲಿ ಪರಿಸರತಜ್ಞ ಪ್ರದೀಪ್ ಕೃಷನ್ ಅವರ ಮುಂದಾಳುತನದಲ್ಲಿ ಅದನ್ನು ಕಿತ್ತು ಥಾರ್‌ನ ಸ್ವಂತ ಗಿಡಗಳನ್ನು ಬೆಳೆಸುವ ಕೆಲಸ ಹಿಡಿದರು. ಕೋಟಿಗಟ್ಟಲೆ ವರ್ಷಗಳ ಹಿಂದಿನ ಜ್ವಾಲಾಮುಖಿ ಕಲ್ಲು. ಅದರ ಬಿರುಕಿನಲ್ಲಿ ಬೇರು. ಕಡಿದರು, ಸುಟ್ಟರು, ವಿಷ ಹಾಕಿದರು, ಬಗ್ಗಲಿಲ್ಲ. ಕೊನೆಗೆ ಕಲ್ಲುಗಣಿಯ ಕೆಲಸದ ಖಂಡ್ವಾಲಿಯಾ ಜನರನ್ನು ಕರೆತಂದರು. ಅವರು ಸುತ್ತಿಗೆಯಿಂದ ಬಂಡೆ ತಟ್ಟಿ, ಹೊರಡುವ ಸದ್ದಿನಿಂದಲೇ ಕಲ್ಲು ಎಲ್ಲಿ ಒಡೆಯುತ್ತದೆ ಎಂದು ಹೇಳಬಲ್ಲವರು. ಕಿವಿಯನ್ನೇ ನಂಬಿ ಅನ್ನ ತಿನ್ನುವ ನನಗೆ ಇದನ್ನು ಕೇಳಿ ಎಷ್ಟು ಹಿಗ್ಗಾಯಿತೆಂದು ಹೇಳಲಾರೆ. ಒಂದೊಂದು ಗಿಡಕ್ಕೂ ಸುಮಾರು ಒಂದೂವರೆ ಅಡಿ ಆಳ ಉಳಿಯಿಂದ ಕೆತ್ತಿ ಬೇರಿನ ಗಡ್ಡೆ ತೆಗೆದರು. ಆ ಗುಂಡಿಗಳಲ್ಲೇ ಹೊಸ ಸಸಿ ಇಟ್ಟರು. 2011ರಲ್ಲಿ ರಾವ್ ಜೋಧಾ ಮರುಭೂಮಿ ಉದ್ಯಾನ ಎಂದು ಜನಕ್ಕೆ ತೆರೆಯಿತು. ನಾನು ಹೋದ ದಿನ ಥೋರ್ ಪೊದೆಗಳ ನಡುವೆ ಕೋಟೆಯ ಗೋಡೆ ಕೆಂಪಗೆ ನಿಂತಿತ್ತು.

ಖೇಜ್ರಿ ಮತ್ತು ಜಾಲಿಯನ್ನು ಸಸ್ಯಶಾಸ್ತ್ರದವರು ಬಹಳ ಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. 2022ರಲ್ಲಿ ವಂಶವಾಹಿಗಳ ಲೆಕ್ಕ ನೋಡಿ ದಾಯಾದಿ ಪಾಲು ಮಾಡಿದರು. ಖೇಜ್ರಿ ಹಳೆಯ ಹೆಸರಿನಲ್ಲೇ ಉಳಿಯಿತು, ಜಾಲಿ ನೆಲ್ಟುಮ ಎಂಬ ಬೇರೆ ಮನೆಗೆ ಹೋಯಿತು.

ಆದರೂ ಜಾಲಿಯನ್ನು ಬೈಯುವಾಗ ನನ್ನ ಬಾಯಿ ತಡೆಯುತ್ತದೆ. ನಮ್ಮ ಅವ್ವನ ಒಲೆ ಉರಿದದ್ದು ಅದರಿಂದಲೇ. ಬರದ ವರ್ಷ ಹೊಲದಲ್ಲಿ ಏನೂ ಇಲ್ಲದಾಗ ಇದ್ದಿಲು ಸುಟ್ಟು ಮಾರಿ ಸಂತೆ ಮಾಡಿದವರು ನಮ್ಮ ಓಣಿಯಲ್ಲೇ ಇದ್ದರು. ಜೋಧಪುರದಿಂದಲೇ ಅವ್ವನಿಗೆ ಫೋನ್ ಮಾಡಿ, "ನಮ್ಮೂರ ಬನ್ನಿ ಗಿಡ ಐತೇನವ್ವ?" ಎಂದು ಕೇಳಿದೆ.

"ಐತಿ. ಆದ್ರ ಸುತ್ತ ಜಾಲಿ ಬೆಳದು ಹಾದಿ ಇಲ್ಲ. ಈ ಸಲ ಒಂದು ಕೊಂಬಿ ಕಡಕೊಂಡು ಬಂದು ಹಣಮಪ್ಪನ ಗುಡಿ ಮುಂದ ನೆಟ್ಟು ಪೂಜಿ ಮಾಡ್ಯಾರ."

ಖೇಜ್ರಿಗೂ ಈಗ ಕಾಲ ಸರಿಯಿಲ್ಲ. ಬೇರು ಕೊರೆಯುವ ಹುಳು, ಗ್ಯಾನೋಡರ್ಮ ಎಂಬ ಶಿಲೀಂಧ್ರ ಸೇರಿ ಎಷ್ಟೋ ಕಡೆ ಮರಗಳು ನಿಂತಲ್ಲೇ ಒಣಗುತ್ತಿವೆ. ಬಿಕಾನೇರಿನ ಸುತ್ತ ಸೌರ ವಿದ್ಯುತ್ ಸ್ಥಾವರಗಳಿಗಾಗಿ ಖೇಜ್ರಿ ಕಡಿಯುವುದರ ವಿರುದ್ಧ 2024ರಿಂದ ಬಿಷ್ಣೋಯಿಗಳೂ ಉಳಿದವರೂ ಧರಣಿ ಕೂತರು. ಬಿಸಿಲಿನಿಂದ ಕರೆಂಟು ತೆಗೆಯುವುದು ಒಳ್ಳೆಯ ಕೆಲಸ, ಯಾರೂ ಅಲ್ಲವೆನ್ನರು. ಅರಮನೆಯೂ ಒಳ್ಳೆಯದೇ ಇದ್ದಿರಬೇಕು, ಬೀಜ ತೂರಿದ್ದೂ ಒಳ್ಳೆಯ ಮನಸ್ಸಿನಿಂದಲೇ.

ವಾಪಸು ಬರುವಾಗ ರೈಲು ಎರಡು ಗಂಟೆ ತಡ. ರೇವಾಡಿ ದಾಟುವಾಗ ಬೆಳಕು ಹರಿಯಿತು. ಸಾಸಿವೆ ಹೊಲ ಹಳದಿ ಹಾಸಿತ್ತು. ಅದರ ನಡುನಡುವೆ ಒಂಟಿ ಮರಗಳು, ಬೋಳು ತಲೆ, ಗಂಟು ಮೈ. ನೋಡಿದೊಡನೆ ಗುರುತು ಹತ್ತಿತು. ಎದುರಿನ ಸೀಟಿನ ಹರಿಯಾಣದವರನ್ನು ಹೆಸರು ಕೇಳಿದೆ. "ಜಾಂಟಿ" ಎಂದರು.

ದಸರಾ ದಿನ ಫೋನ್ ಮಾಡಿದ್ದ ಮಿತ್ರರೇ, ತಡವಾದ ಉತ್ತರಕ್ಕೆ ಕ್ಷಮಿಸಿ. ದಿಲ್ಲಿಯಿಂದ ರೇವಾಡಿಯ ಕಡೆ ಹೋಗಿ, ಜಾಂಟಿ ಎಂದು ಕೇಳಿ, ತೋರಿಸುತ್ತಾರೆ. ಎಲೆ ಕೀಳುವ ಮೊದಲು ಹೊಲದವರನ್ನು ಒಂದು ಮಾತು ಕೇಳುವುದನ್ನು ಮರೆಯಬೇಡಿ. ಅದು ಅವರ ಎಮ್ಮೆಯ ಮೇವು.