ಮಂಗನ ಕಾಯಿಲೆಗೆ ನೆಂಟನ ಲಸಿಕೆ

1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದಾಗ ಮೊದಲ ಅನುಮಾನ ಹೋಗಿದ್ದು ಸೊಳ್ಳೆ ಮೇಲೆ. ಹಳದಿ ಜ್ವರ ಭಾರತಕ್ಕೂ ಬಂತಾ ಅಂತ! ಆದರೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಸಿಕ್ಕಿದ್ದು ಉಣುಗಿನಿಂದ ಹರಡೋ ಹೊಸ ವೈರಸ್. ರಷ್ಯಾದ ಉಣುಗು ಜ್ವರಕ್ಕೆ ಇದು ಹತ್ತಿರದ ನೆಂಟ. ಹಾಗಾಗಿ ಆ ಜ್ವರದ ಲಸಿಕೆಯನ್ನೇ ಇಲ್ಲಿನ ಜನಕ್ಕೆ ಹಾಕಿ ನೋಡಿದರು. ಅದು ಕಾಪಾಡಲಿಲ್ಲ.

ಇದೇ ಫ್ಲೇವಿವೈರಸ್ ಮನೆತನದ, ಸೊಳ್ಳೆ ತರೋ ಡೆಂಗಿಯದು ನನಗೆ ಇನ್ನೂ ವಿಚಿತ್ರ ಅನಿಸುತ್ತೆ. ಅದರಲ್ಲಿ ನಾಲ್ಕು ಬಗೆ. ಒಂದು ಬಂದು ಹೋದರೆ ಅದರಿಂದಷ್ಟೇ ದೀರ್ಘಕಾಲದ ರಕ್ಷಣೆ. ಮುಂದೆ ಬೇರೆ ಬಗೆ ಬಂದರೆ, ಹಳೆಯ ಪ್ರತಿಕಾಯಗಳೇ ವೈರಸ್ಸನ್ನು ಜೀವಕೋಶದೊಳಗೆ ಕರೆದುಕೊಂಡು ಹೋಗಬಹುದು, ಜ್ವರ ಉಲ್ಬಣಿಸಬಹುದು. ‘ನಂಗೆ ಡೆಂಗಿ ಆಗೋಯ್ತು, ಇನ್ನೇನು ಭಯ’ ಅನ್ನೋ ಗೆಳೆಯರಿಗೆ ನಾನು ಕೇಳೋದು: ಯಾವ ಬಗೆ?