ಐದು ರಾಶಿ, ಆರು ಋತು

ಮಾರಿಯಾ ಮಾಂಟೆಸ್ಸೋರಿಯವರು 1907ರಲ್ಲಿ ರೋಮ್ ನಗರದಲ್ಲಿ 'ಮಕ್ಕಳ ಮನೆ'ಯನ್ನು ತೆರೆದರು. ವಸ್ತುಗಳನ್ನು ಕೈಯಾರೆ ವಿಂಗಡಿಸುತ್ತ ಮಗು ಕಲಿಯಬೇಕೆಂಬುದು ಅವರ ಕ್ರಮ. 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿಯನ್ನೂ ನೀಡಿದರು.

ಅದೇ ಕ್ರಮದಲ್ಲಿ ನಾನು ಒಂದನೆಯ ತರಗತಿಯ ಮಕ್ಕಳ ಮುಂದೆ ಬೇವಿನ ಹೂ, ಮಾವಿನಹಣ್ಣು, ಕೊಡೆ, ಅವರೆಕಾಯಿ, ಕಂಬಳಿ, ತರಗೆಲೆ ಮುಂತಾದುವನ್ನಿಟ್ಟು, ಆರು ಋತುಗಳಿಗೆ ಆರು ರಾಶಿ ಮಾಡಿಸುತ್ತಿದ್ದೆ. ಒಬ್ಬ ಬಾಲಕಿ ಐದೇ ರಾಶಿ ಮಾಡಿದಳು. "ಹೇಮಂತಕ್ಕೂ ಶಿಶಿರಕ್ಕೂ ಒಂದೇ ಚಳಿಯಲ್ಲವೇ ಸಾರ್?" ಎಂದಳು. ಕಾರಣವನ್ನು ಕೇಳಿಯೂ ತಪ್ಪೆಂದು ಗುರುತು ಹಾಕಿದೆ.

ಬಹುಕಾಲದ ನಂತರ ತಿಳಿಯಿತು: ಐತರೇಯ ಬ್ರಾಹ್ಮಣವು ಹೇಮಂತ ಶಿಶಿರಗಳನ್ನು ಒಂದುಗೂಡಿಸಿ ಐದೇ ಋತುಗಳನ್ನು ಎಣಿಸುತ್ತದೆ. ಆರರಂತೆ ಐದೂ ಪುರಾತನವಾದ ಎಣಿಕೆಯೇ. ಆ ಮಗುವಿಗೆ ಇದನ್ನು ತಿಳಿಸುವ ಅವಕಾಶ ಮಾತ್ರ ನನಗೆ ದೊರೆಯಲಿಲ್ಲ.